ನಿವ್ವಳ

ತುಂಬಿದ ಗಾಡಿ ತೂಕದಾಗ ಖಾಲಿ ಗಾಡಿ ತೂಕ ಕಳಿ,
ಉಳಿದದ್ದಕ್ಕ ನಿವ್ವಳ ಅಂತಾರ.
ಇಪ್ಪತ್ತೆರಡು ವರ್ಷ ನನ್ನ ಹೊಟ್ಟಿ ತುಂಬಿಸಿದ ಶಬ್ದ ಇದೊಂದ.

ಹೋಟಗಿ ಹಾದಿ, ಸಿಮೆಂಟ್ ಕಾರ್ಖಾನಿ, ಎರಡನೇ ಗೇಟು,
ಕಾಟಾದ ಖೋಲಿ. ಒಂದು ಖಿಡಕಿ, ಒಂದು ಫ್ಯಾನು,
ಚೀಟಿ ಉಗುಳೂ ಒಂದು ಯಂತ್ರ.
ಅದರ ಹಿಂದ ನಾನು, ಅಮೋಗಿ ಸುಣಗಾರ.

ಚಳಿಗಾಲದಾಗ ಗೇಟಿನ ಗ್ವಾಡಿಗೆ ಹಸರ ಬೋರ್ಡು ಬಂತು,
ಮರಾಠಿಯೊಳಗ, ಇಂಗ್ಲಿಷಿನೊಳಗ:
ಎರಡು ಸಾವಿರದ ಐವತ್ತಕ್ಕ ನಿವ್ವಳ ಶೂನ್ಯ.
ನಿವ್ವಳಕ್ಕ ಮರಾಠಿಯೊಳಗೂ ನಿವ್ವಳನ ಅಂತಾರ,
ಆದ್ರೂ ತಿಳೀಲಿಲ್ಲ.
ಕಾಟಾದ ಮ್ಯಾಲ ನಿವ್ವಳ ಶೂನ್ಯ ಬಂತಂದ್ರ
ಗಾಡಿ ಖಾಲಿ ಬಂದು ಖಾಲಿ ಹೋಗ್ಯದ,
ಇಲ್ಲಾ ಡ್ರೈವರ್ ಮೌಲಾಲಿ ಏನೋ ಆಟ ಹೂಡ್ಯಾನ.

ಬೋರ್ಡಿನ ಬೆನ್ನಿಗೆ ಪುಣೆದಿಂದ ಕೇತಕಿ ಮೇಡಂ ಬಂದರು.
ಮೇ ತಿಂಗಳು, ನಲವತ್ನಾಕು ಡಿಗ್ರಿ,
ಕೊರಳಾಗ ಹಸಿ ಟವೆಲ್ಲು, ಸೊಲ್ಲಾಪುರದ್ದ.
ಹೊಗಿ ಲೆಕ್ಕ ಹಾಕಾಕ ಬಂದೀನಿ ಅಂದ್ರು.
ನಮ್ಮಲ್ಲಿ ಹೊಗಿ ಎಲ್ಲದರೀ, ಬರೇ ಅರಿಯೂ ಗಿರಣಿ.
ಕಲ್ಲು ಸುಡೂದೆಲ್ಲಾ ಗಡಿ ಆಚಿ,
ಸುಟ್ಟ ಗುಂಡು ರೈಲಿನಾಗ ಇಲ್ಲಿಗೆ ಬರ್ತದ,
ಅರದು ಚೀಲಾ ತುಂಬಸ್ತೀವಿ.
ನಕ್ಕರು. ಅದಕ್ಕ ಈ ಘಟಕಕ್ಕ ಹಸರ ಪ್ರಶಸ್ತಿ ಅಂದ್ರು.
ನಗು ಅರ್ಧಕ್ಕ ನಿಂತಿತು.

ಈ ಕಾಟಾಕ್ಕ ಎಷ್ಟು ಸಣ್ಣದು ಕಾಣಸ್ತದ?
ಹತ್ತು ಕಿಲೋರೀ. ಅದರೊಳಗಿಂದಕ್ಕ ಇದು ಕುರುಡು.
ತಾವ ಹೋಗಿ ಕಬ್ಬಿಣದ ಹಾಸಿನ ಮ್ಯಾಲ ನಿಂತರು.
ಕೆಂಪು ಅಂಕಿ ತುಸು ಹೊಯ್ದಾಡಿ ಐವತ್ತಕ್ಕ ಕೂತಿತು.
ಚೀಟಿ ಹರದು ಕೊಟ್ಟೆ, ಪರ್ಸಿನಾಗ ಇಟಗೊಂಡರು.

ನಮ್ಮ ಮುತ್ತ್ಯಾ ಸೀನಾ ಹೊಳಿ ದಂಡಿಗೆ
ಸುಣ್ಣದ ಭಟ್ಟಿ ಸುಡತಿದ್ದ.
ನೂರು ಸೇರು ಕಲ್ಲು ಹಾಕಿದ್ರ
ಸುಣ್ಣ ಐವತ್ತಾರು ಸೇರು.
ಉಳದ ನಲವತ್ನಾಕು ಎಲ್ಲಿ ಹೋಯ್ತು ಮುತ್ತ್ಯಾ?
ಬೂದಿಯೊಳಗಿಲ್ಲ, ಬುಟ್ಟಿಯೊಳಗಿಲ್ಲ.
ಬೀಡಿ ಜಗ್ಗಿ ಆಕಾಶಕ್ಕ ಬೆರಳು ಮಾಡತಿದ್ದ:
ಮ್ಯಾಲಿನಾಂವ ತನ್ನ ಪಾಲು ತಗೊಂಡ.

ಮೇಡಂ ಪೆನ್ನು ನಿಂತಿತು.
ಮುತ್ತ್ಯಾನ ಲೆಕ್ಕ ಬರೋಬ್ಬರಿ ಅದ ಅಂದ್ರು.
ತಗೊಂಡಾಂವ ಖರ್ಚು ಮಾಡಿಲ್ಲ, ಅಷ್ಟ.
ಇನ್ನಾ ಮ್ಯಾಲ ಇಟಗೊಂಡ ಕೂತಾನ.

ಆಗ ನಾ ಟೇಬಲ್ಲಿನ ಖಾನೆದಿಂದ ವಹಿ ತಗದೆ.
ಕಂಪನಿದಲ್ಲ, ನಂದು.
ಯಾವ ಗಾಡಿ ಯಾವ ರಾತ್ರಿ ಪಾಳಿಯೊಳಗ
ಇಂಜಿನ್ ಬಂದ್ ಮಾಡದ ಎಷ್ಟು ತಾಸು ನಿಂತದ,
ಹನ್ನೊಂದು ವರ್ಷದ್ದು. ಯಾರೂ ಬರಿ ಅಂದಿರಲಿಲ್ಲ,
ನಿದ್ದಿ ಹತ್ತಬಾರದು ಅಂತ ಬರದದ್ದು.
ಹಾಳಿ ಹಾಳಿ ತಿರುವಿದ್ರು, ಬಹಳ ಹೊತ್ತು.
ಒಂದು ಹಾಳಿ ಫೋಟೋ ಹೊಡಕೊಂಡ್ರು.
ಇದು ಮೂರನೇ ಪಟ್ಟಿಗೆ ಬರೂದು ಅಂದ್ರು,
ಗಾಡಿ ಕಂಪನಿದಲ್ಲ, ಗುತ್ತೇದಾರಂದು,
ಈ ವರ್ಷ ಲೆಕ್ಕಕ್ಕಿಲ್ಲ.

ಲೆಕ್ಕಕ್ಕಿಲ್ಲ ಅನ್ನೂ ಮಾತು ನನಗ ಹೊಸದಲ್ಲ.
ನಾನೂ ಗುತ್ತೇದಾರನ ಮಂದಿನ.

ಎರಡು ಸಾವಿರದ ಐವತ್ತಕ್ಕ ನನಗ ಎಪ್ಪತ್ತೊಂಬತ್ತು.
ಬೋರ್ಡಿಗೆ ಸಹಿ ಹಾಕಿದಾಂವಗ ತೊಂಬತ್ತು ದಾಟಿರತದ.
ಕೊಟ್ಟ ಮಾತು ಯಾವ ಕಾಟಾದ ಮ್ಯಾಲ ಇಡಬೇಕೋ,
ಆ ಹೊತ್ತಿಗೆ ಈ ಖಿಡಕಿಯೊಳಗ ಯಾರ ಕೂತಿರತಾರೋ.

ಮೊನ್ನೆ ಗಾಳಿ ಬಿಟ್ಟಾಗ
ಹಾಸಿನ ಮ್ಯಾಲ ಏನೂ ಇಲ್ಲದ ಹೊತ್ತಿನಾಗ
ಅಂಕಿ ತಾನ ಅಲ್ಲಾಡಿ ಹತ್ತು ಅಂತು, ಇಪ್ಪತ್ತು ಅಂತು.
ಇಂಥಾದ್ದಕ್ಕಂತ ಒಂದು ಗುಂಡಿ ಅದ,
ಸೊನ್ನಿ ಗುರುತು ಹಾಕಿದ್ದು.
ಒತ್ತಿದ್ರ ಇದ್ದದ್ದು ಇಲ್ಲ ಆಗ್ತದ.
ದಿನಾ ಒತ್ತೀನಿ.
ಅವತ್ತು ಬೆರಳು ಇಟ್ಟೆ, ಒತ್ತಲಿಲ್ಲ.
ವಹಿಯೊಳಗ ಬರದೆ: ತಾರೀಖು, ರಾತ್ರಿ ಎರಡೂ ಹತ್ತು,
ಗಾಡಿ ನಂಬರಿನ ಜಾಗಾ ಖಾಲಿ,
ಇಪ್ಪತ್ತು ಕಿಲೋ.

ಹೊರಗ ಮೌಲಾಲಿ ಹಾರನ್ ಹೊಡೀಲಿಕತ್ತಿದ್ದ.