ಕೆಂಪು ಗೂಟ

ಅರ್ಜಿಯಲ್ಲಿ ಮೂರು ಖಾನೆ.
ಮೊದಲನೆಯದರಲ್ಲಿ ನರ್ಸಿಂಗ್ ಬರಿ ಅಂದೆ,
ಎರಡನೆಯದರಲ್ಲಿ ಲೆಕ್ಕಶಾಸ್ತ್ರ,
ಮೂರನೆಯದು ನಿನ್ನಿಷ್ಟ.
ಕಾಫುಯಿ ಪೆನ್ನಿನ ಮುಚ್ಚಳ ಕಚ್ಚಿ
ಮೂರಕ್ಕೂ ಒಂದೇ ಬರೆದಳು: ಭೂಗೋಳ.

ನಾನು ಅವಳಣ್ಣ. ಕೇಟಾದಿಂದ ಅಕ್ರಾಕ್ಕೆ
ದಿನಕ್ಕೊಂದು ಸಲ ಟ್ರೋಟ್ರೋ ಓಡಿಸುವವನು,
ಹದಿನೈದು ಸೀಟಿಗೆ ಹತ್ತೊಂಬತ್ತು ಜನ, ಮೇಲೆ ಸಣ್ಣೀರುಳ್ಳಿ ಮೂಟೆ.
ಫೀಸು ಕಟ್ಟುವ ಕೈ ನನ್ನದು, ಕೇಳುವ ಬಾಯಿಯೂ ನನ್ನದೇ:
ನದಿಗಳ ಹೆಸರು ಬಾಯಿಪಾಠ ಮಾಡಿದವರಿಗೆ
ಯಾರಮ್ಮ ಸಂಬಳ ಕೊಡುತ್ತಾರೆ?

ಅವಳು ವಾದಿಸಲಿಲ್ಲ. ವಾದಿಸಿದ್ದರೆ ನಾನು ಗೆಲ್ಲುತ್ತಿದ್ದೆ.
ಮರುದಿನ ನಸುಕಿಗೆ ಬಂದು ಪಕ್ಕದ ಸೀಟಲ್ಲಿ ಕೂತಳು,
ಮಡಿಲಲ್ಲಿ ನೋಟ್‌ಬುಕ್ಕು.
ಸೊಗಾಕೋಪೆಯ ಸೇತುವೆಯ ತನಕ
ನಾನು ಎಲ್ಲೆಲ್ಲಿ ಗೇರು ಇಳಿಸಿದೆ,
ಯಾವ ಗುಂಡಿಗೆ ಎಡಕ್ಕೆ ಎಳೆದೆ,
ಪೊಲೀಸು ತಡೆಗೆ ಮೊದಲೇ
ನಾಲ್ಕು ಜನರನ್ನು ಎಲ್ಲಿ ಇಳಿಸಿ ನಡೆಸಿದೆ,
ಎಲ್ಲ ಗುರುತು ಹಾಕಿದಳು.
ಸಂಜೆ ಹಾಳೆ ಬಿಡಿಸಿದರೆ
ನನ್ನ ಹನ್ನೆರಡು ವರ್ಷದ ದಾರಿ ಅಂಗೈಯಗಲ.
"ಇದನ್ನು ಯಾರಾದರೂ ಕೊಳ್ಳುತ್ತಾರಾ?" ಅಂದೆ.
"ಹೊಸ ಡ್ರೈವರಿಗೆ ಮಾರು" ಅಂದಳು.
ನಗು ಬಂತು. ಅದಕ್ಕೇ ಅರ್ಜಿಯ ದುಡ್ಡು ಕೊಟ್ಟೆ,
ಒಪ್ಪಿ ಅಲ್ಲ.

ನಮ್ಮೂರು ಗೊತ್ತಲ್ಲ, ಆಚೆ ಕಡಲು ಈಚೆ ಹಿನ್ನೀರು,
ನಡುವೆ ಮರಳಿನ ಪಟ್ಟಿ,
ಇಬ್ಬರು ಎಳೆದಾಡುವ ಹೊದಿಕೆಯ ಹಾಗೆ.
ಹಳೆಯ ಸಂತೆಬೀದಿಯ ಮೇಲೀಗ ದೋಣಿ ಹೋಗುತ್ತವೆ.
ಬಲೆ ಸಿಕ್ಕಿಕೊಂಡರೆ ಮುದುಕರು
"ಅದು ಟೈಲರ್ ಅಗ್ಬೆಕೋನ ಮೆಟ್ಟಿಲು, ಬಲಕ್ಕೆ ತಿರುಗಿಸು" ಅನ್ನುತ್ತಾರೆ.

ಲೆಗೋನಿನಲ್ಲಿ ನಾಲ್ಕು ವರ್ಷ.
ಫೋನಿನಲ್ಲಿ ಹೇಳುತ್ತಿದ್ದಳು: ಇವತ್ತು ಮಣ್ಣು ಜರಡಿ ಹಿಡಿದೆ,
ಉಪಗ್ರಹದ ಚಿತ್ರದಲ್ಲಿ ನಮ್ಮ ಸೂರು ಕಂಡೆ, ಅದರ ತುಕ್ಕೂ.
ಸಂಖ್ಯಾಶಾಸ್ತ್ರದಲ್ಲಿ ಒಮ್ಮೆ ಫೇಲಾದಳು, ಅದನ್ನು ಹೇಳಲಿಲ್ಲ.
ಮುಗಿಸಿದ ಮೇಲೆ ಒಂದು ವರ್ಷ ಶಾಲೆಯಲ್ಲಿ ರಾಷ್ಟ್ರಸೇವೆ,
ಸೀಮೆಸುಣ್ಣಕ್ಕೂ ಕೈಯಿಂದಲೇ ದುಡ್ಡು.
ಚಿನ್ನದ ಗಣಿಯ ಕಂಪನಿಯೊಂದು ಕರೆಯಿತು, ಒಳ್ಳೆಯ ಸಂಬಳ,
ಹೋಗಲಿಲ್ಲ; ಯಾಕೆಂದು ಕೇಳಿದರೆ
ಒಂದು ಹೊಳೆಯ ಬಣ್ಣ ಹೇಳಿದಳು.
ಮತ್ತೆ ಹನ್ನೊಂದು ತಿಂಗಳು ಮನೆಯಲ್ಲೇ,
ಚಿಕ್ಕಮ್ಮ ಎಸಿನಾಮ್ ಜೊತೆ ಮೀನು ಮಗುಚುತ್ತ.
ಆ ಹನ್ನೊಂದು ತಿಂಗಳು ನಾನು ನರ್ಸಿಂಗ್ ಎಂಬ ಮಾತು ಎತ್ತಲಿಲ್ಲ.
ಎತ್ತದ್ದು ಅವಳಿಗೆ ಕೇಳಿಸುತ್ತಿತ್ತು.

ಕೊನೆಗೆ ಕರಾವಳಿ ಕಚೇರಿ. ಗುರುತಿನ ಚೀಟಿ, ಬೂಟು,
ತಿಂಗಳ ಕೊನೆಗೆ ನನ್ನ ದುಡಿಮೆಗಿಂತ ಇನ್ನೂರು ಸೀಡಿ ಜಾಸ್ತಿ.
ಪ್ರತಿ ಸ್ಟಾಪಿನಲ್ಲೂ ಹೇಳಿಕೊಂಡು ಹೋದೆ.
ಮೊದಲ ಕೆಲಸ ನಮ್ಮೂರಲ್ಲೇ:
ಮೂವತ್ತು ವರ್ಷದೊಳಗೆ ನೀರು ಎಲ್ಲಿಯವರೆಗೆ ಬಂದೀತೋ
ಅಲ್ಲಿಗೆ ಎದೆಯೆತ್ತರದ ಕೆಂಪು ಗೂಟ.
ಈಚೆಗೆ ಕಟ್ಟಬಹುದು, ಆಚೆಗೆ ಕೂಡದು.

ಏಳನೆಯ ಗೂಟ ಚಿಕ್ಕಮ್ಮನ ಒಲೆಯ ಹಿತ್ತಲಿಗೆ ಬಿತ್ತು.
ಮೀನು ಹೊಗೆಹಾಕುವ ದುಂಡನೆಯ ಮಣ್ಣೊಲೆ,
ಅವಳ ತಾಯಿ ಮೆತ್ತಿದ್ದು.
ಫೀಸಿನಲ್ಲಿ ಅರ್ಧ
(ನಾನು ಮೇಲೆ ಹೇಳದೆ ಬಿಟ್ಟ ಅರ್ಧ)
ಆ ಹೊಗೆಯದು.

ಚಿಕ್ಕಮ್ಮ ಸೊಂಟಕ್ಕೆ ಕೈಯಿಟ್ಟು ಕೇಳಿದಳು:
ನನ್ನ ಒಲೆ ಯಾವ ಕಡೆ?
ಕಾಫುಯಿ ಯಂತ್ರ ನೋಡಿದಳು, ಹಾಳೆ ನೋಡಿದಳು.
ಸರಿಸೇ, ಎರಡು ಮಾರು ಸರಿಸು, ಯಾರು ನೋಡಿದರು,
ಗುಂಡಿ ತಪ್ಪಿಸುವಾಗಿನ ಹಾಗೆ ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ,
ನನ್ನ ಕೈ ತಾನಾಗಿ ತಿರುಗುತ್ತಿತ್ತು.
"ಕಡಲ ಕಡೆ" ಅಂದಳು.

ಚಿಕ್ಕಮ್ಮ ಹಳೆಯ ಸಾಲಗಾರನನ್ನು ನೋಡುವ ಹಾಗೆ
ಕಡಲನ್ನು ನೋಡಿ ಒಳಗೆ ಹೋದಳು.
ಎಂಟನೆಯ ಗೂಟಕ್ಕೆ
ಸುತ್ತಿಗೆಯ ಪೆಟ್ಟು ತಪ್ಪುತ್ತಿತ್ತು.

ಬೆಳಿಗ್ಗೆ ಗಾಡಿ ತೆಗೆಯುವಾಗ ಕಂಡೆ:
ಏಳರಿಂದ ಎಂಟಕ್ಕೆ ಹಗ್ಗ ಬಿಗಿದು
ಬಟ್ಟೆ ಒಣಹಾಕಿದ್ದಾಳೆ.
ಹಗ್ಗದ ಈಚೆಗೆ ಒಂದು ಗುಡ್ಡೆ ಮಣ್ಣು,
ನೀರು ಹಾಕಿ ತುಳಿದದ್ದು,
ಅದರ ಮೇಲೆ ಹಿಮ್ಮಡಿಯ ಗುರುತು, ಇನ್ನೂ ಹಸಿ.