ಮುಳ್ಳು ನಿಲ್ಲುವ ಹೊತ್ತಿಗೆ

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ
ಹತ್ತಕ್ಕೆ ಇನ್ನು ಹನ್ನೊಂದು ನಿಮಿಷ.
ಮೂರನೇ ಕಂಬದ ಪಕ್ಕ, ಒಡೆದ ಶೀಟಿನ ಕೆಳಗೆ
ಕೈಯಗಲ ಬಿಸಿಲು ಬೀಳುವ ಕಡೆ
ನಿಂತು ಮೊಬೈಲು ಎತ್ತಿ ಹಿಡಿಯುತ್ತೇನೆ.
ಅಲ್ಲಿ ಬರುತ್ತದೆ, ನಾಲ್ಕು ಪಾಯಿಂಟ್ ಎರಡು.
ಒಂದು ಹೆಜ್ಜೆ ಎಡಕ್ಕೆ ಜರುಗಿದರೆ ಸೊನ್ನೆ ಪಾಯಿಂಟ್ ಒಂಬತ್ತು.

ಬಟನ್ ಒತ್ತುವುದೇ ಒಂದು ಪಾಡು.
ಹದಿನೆಂಟು ವರ್ಷ ಕುದಿನೀರಲ್ಲಿ ಎಳೆ ಹುಡುಕಿದ ಬೆರಳುಗಳು
ಬೆಂದು, ಬಿಳುಚಿ, ಗೆರೆ ಅಳಿಸಿಕೊಂಡು ಕೂತಿವೆ.
ರೇಷನ್ ಅಂಗಡಿಯ ಮಿಷಿನ್ನೂ ನನ್ನನ್ನು ಖುತೇಜಾ ಅಂತ ಒಪ್ಪುವುದಿಲ್ಲ,
ಈ ಗಾಜೂ ಒಪ್ಪುವುದಿಲ್ಲ.
ಗೆಣ್ಣಿನಿಂದ ಕುಟ್ಟುತ್ತೇನೆ, ಬಾಗಿಲು ತಟ್ಟಿದ ಹಾಗೆ.
ಆಗ ಮುಳ್ಳು ಎದ್ದು ನಡುಗುತ್ತದೆ.

ಇಳಿಯುವ ವೇಗ ಒಂದು, ಏರುವ ವೇಗ ಒಂದು
ಅಂತ ಹೇಳಿಕೊಟ್ಟವನು ತಂಗಿಯ ಮಗ ಮುಜಮಿಲ್.
"ಇಳಿಯೋದನ್ನ ನೋಡ್ಬೇಡ ಖಾಲಾ,
ಅದು ಸಿನಿಮಾ ನೋಡೋರಿಗೆ.
ನಿನ್ ರೇಟು ಮೇಲಕ್ಕೆ ಹೋಗ್ಬೇಕು. ಏರೋದನ್ನ ನೋಡು."
ನೋಡಿದೆ. ಏರುವುದು ಯಾವಾಗಲೂ ಕಮ್ಮಿ.
ಮೇಲಿಂದ ಬರುವುದಕ್ಕೆ ಅಗಲ ರಸ್ತೆ,
ನಾವು ಹೇಳಿಕಳಿಸುವುದಕ್ಕೆ ಕಾಲುದಾರಿ.
ಇದೇನು ಹೊಸ ವಿಷಯವಲ್ಲ ಬಿಡಿ.

ಹೋದ ಮಂಗಳವಾರ, ಜಾಲರಿ ನಂಬರ್ ನೂರಾ ಅರವತ್ತೇಳು,
ಬಶೆಟ್ಟಹಳ್ಳಿ ದ್ಯಾವಪ್ಪನ ಬಿಳಿಗೂಡು.
ಕಿವಿಯ ಹತ್ತಿರ ಹಿಡಿದು ಅಲುಗಿಸಿದರೆ
ಒಳಗಿನ ಹುಳ ಟಕಟಕ ಅನ್ನುತ್ತಿತ್ತು, ಒಣಗಿದ ಬೀಜದ ಹಾಗೆ.
ಐನೂರ ಹದಿನೆಂಟು ಒತ್ತಿದೆ.
ಚಕ್ರ ತಿರುಗಿತು. ತಿರುಗಿತು.
ನಮ್ಮ ಬೇಸಿನ್ನಿನ ರಾಟೆಯಾದರೆ ತಿರುಗಿದ್ದಕ್ಕೆ ನೂಲು ಕೊಡುತ್ತದೆ,
ಇದು ತಿರುಗಿ ತಿರುಗಿ
ಸಮಯ ಮುಗಿದಿದೆ ಅಂದಿತು.
ಐನೂರ ಹನ್ನೊಂದಕ್ಕೆ ದೊಡ್ಡ ಫಿಲೇಚರಿನ ಅಲ್ತಾಫನ ಪಾಲಾಯಿತು.
ನಾನು ಕಳಕೊಂಡದ್ದು ಗೂಡು.
ದ್ಯಾವಪ್ಪ ಕಳಕೊಂಡದ್ದು ಕೆಜಿಗೆ ಏಳು ರೂಪಾಯಿ,
ಅವನಿಗೆ ಗೊತ್ತೇ ಆಗಲಿಲ್ಲ.
ಬೀಡಿ ಹಚ್ಚಿಕೊಂಡು ತೂಕಕ್ಕೆ ನಡೆದ.

ಅವತ್ತಿನಿಂದ ಅಳೆಯುವ ಚಟ.
ಮಲಗುವ ಮುಂಚೆ, ಹಾಲು ಉಕ್ಕುವ ಮುಂಚೆ,
ನೀರಿನ ಟ್ಯಾಂಕಿನ ಹತ್ತಿರ, ಮಸೀದಿ ಗೋಡೆಯ ಮಗ್ಗುಲಲ್ಲಿ,
ಬೆಂದ ಹುಳದ ವಾಸನೆ ಹೊಡೆಯುವ ಚರಂಡಿಯ ದಂಡೆಯಲ್ಲಿ.
ಅಲ್ಲೇ ಎಲ್ಲಕ್ಕಿಂತ ಜಾಸ್ತಿ: ಹದಿನೇಳು!
ಯಾರಿಗೆ ಬೇಕು ಅಲ್ಲಿ ಹದಿನೇಳು, ನಾಯಿಗಳಿಗಾ?

ಇವತ್ತು ಕಂಬದ ಪಕ್ಕವೂ ಮುಳ್ಳು ಏಳಲಿಲ್ಲ.
ಸೊನ್ನೆ ಪಾಯಿಂಟ್ ಮೂರು.
ಮತ್ತೆ ಕುಟ್ಟಿದೆ. ಸೊನ್ನೆ ಪಾಯಿಂಟ್ ಎರಡು.
ತಲೆ ಎತ್ತಿ ನೋಡಿದರೆ
ಮಾರ್ಕೆಟ್ಟಿನ ತುಂಬ ಎತ್ತಿದ ಕೈಗಳು.
ಮುನ್ನೂರು ಜನ, ಮುನ್ನೂರು ಮುಳ್ಳು,
ಎಲ್ಲರೂ ಅಳೆಯುತ್ತಿದ್ದಾರೆ.
ಅಲ್ತಾಫ್ ಕೂಡ, ಎರಡು ಕೈಯಲ್ಲಿ ಎರಡು ಫೋನು.
ಆಗ ಹೊಳೆಯಿತು, ನಗುವೂ ಬಂತು.
ಉಪ್ಪು ನೋಡುತ್ತೇವೆಂದು ಒಬ್ಬೊಬ್ಬರೂ ಸೌಟು ಅದ್ದಿ
ಬಡಿಸುವ ಹೊತ್ತಿಗೆ ಪಾತ್ರೆಯ ತಳ ಕೆರೆಯುವ
ಮದುವೆಮನೆಯ ಅಡಿಗೆಯವರು ನಾವು.

"ನಿಂದೆಷ್ಟು ಬರ್ತಾ ಇದೆ?" ಅಲ್ತಾಫ್ ಕೇಳಿದ.
"ಎಂಟು" ಅಂದೆ. ಸುಳ್ಳು.
ಅವನ ಮುಖ ಸಣ್ಣಗಾಯಿತು,
ಮತ್ತೆ ಅಳೆಯತೊಡಗಿದ, ಎರಡರಲ್ಲೂ.
ನಾನು ಅಳತೆ ಮುಚ್ಚಿದೆ.

ಗಂಟೆ ಹೊಡೆಯಿತು.
ಬಿಸಿನೀರಲ್ಲಿ ಕಾಣದ ತುದಿಯನ್ನು ಹಿಡಿಯುವಾಗ
ಯಾರೂ ನನಗೆ ವೇಗ ಹೇಳಿದ್ದಿಲ್ಲ.
ಎಳೆ ಸಿಕ್ಕಿತೋ ಇಲ್ಲವೋ ಬೆರಳಿಗೇ ತಿಳಿಯುತ್ತಿತ್ತು.
ಐನೂರ ಇಪ್ಪತ್ತು. ಗೆಣ್ಣು ಕುಟ್ಟಿತು.
ಚಕ್ರ ತಿರುಗಿತು.
ಜಾಲರಿಯ ಆಚೆ ಒಬ್ಬ ಹುಡುಗಿ, ಅಪ್ಪನ ಬದಲು ಬಂದವಳು,
ಕಾಲೇಜಿನ ಬ್ಯಾಗು ಹೆಗಲಲ್ಲೇ ಇದೆ,
ತನ್ನ ಫೋನು ನೋಡುತ್ತಾ ನಿಂತಿದ್ದಳು, ಬೆಲೆಗಾಗಿ.
ತಡೆಯಲಾಗಲಿಲ್ಲ, ಕೂಗಿಬಿಟ್ಟೆ:
"ಐನೂರ ಇಪ್ಪತ್ತು ಕಣಮ್ಮಾ!"
ಥಟ್ಟನೆ ತಿರುಗಿ ನೋಡಿದಳು.
ಗುಮಾಸ್ತ ಗದರಿದ,
"ಬಾಯಿ ಹರಾಜು ನಿಂತು ಎಷ್ಟು ವರ್ಷ ಆಯ್ತಮ್ಮಾ?"
ಹುಡುಗಿ ತಲೆಯಾಡಿಸಿದಳು.
ನನ್ನ ಕೈಯಲ್ಲಿ ಚಕ್ರ
ಇನ್ನೂ ತಿರುಗುತ್ತಲೇ ಇತ್ತು.