ಪ್ಲಾಸ್ಟರ್ ಕೋಣೆಯ ಲೆಕ್ಕ

ವಿರಾಜಪೇಟೆ ಆಸ್ಪತ್ರೆಯ ಹಿಂಬದಿಯ ಈ ಕೋಣೆಗೆ
ಕ್ಯಾಲೆಂಡರ್ ಬೇಡ.
ಯಾವ ಮೂಳೆ ಬಂತೆಂದು ನೋಡಿ ತಿಂಗಳು ಹೇಳುತ್ತೇನೆ.

ಜುಲೈಯಲ್ಲಿ ಮಣಿಕಟ್ಟು.
ಪಾಚಿ ಹಿಡಿದ ಅಂಗಳ, ಸವೆದ ಹವಾಯಿ ಚಪ್ಪಲಿ.
ಜಾರುವಾಗ ಕೈ ತಾನೇ ಮುಂದೆ ಹೋಗುತ್ತದೆ,
ಅಣ್ಣನ ಸಾಲಕ್ಕೆ ಜಾಮೀನು ನಿಂತ ತಮ್ಮನ ಹಾಗೆ.

ಏಪ್ರಿಲ್‌ನಲ್ಲಿ ಹಾಕಿ.
ಮನೆತನಕ್ಕೆ ಮನೆತನವೇ ಮೈದಾನಕ್ಕಿಳಿದು
ಕಣಕಾಲು, ಮಂಡಿ, ಕಿರುಬೆರಳು.
"ಹೆಸರು?"
"ಬಿದ್ದಪ್ಪ."
"ಏನಾಯ್ತು?"
"ಬಿದ್ದೆ."
ಚೀಟಿ ಬರೆಯುವ ಹುಡುಗಿ ಸೆರಗು ಬಾಯಿಗೊತ್ತಿ ಹೊರಗೆ ಹೋದಳು.
ಅರವತ್ತೆರಡು ವರ್ಷ ಅವರಿಗೆ, ಬೆನ್ನ ಮೇಲೆ ಮನೆಹೆಸರು.
"ಎರಡು ಸುತ್ತು ನಡೆದು, ಕಾಲು ಸಡಿಲಿಸಿಕೊಂಡು ಇಳಿಯಬಾರದಿತ್ತೇ?"
"ನಮ್ಮವರು ಒಂದು ಗೋಲು ಹಿಂದಿದ್ದರಲ್ಲಪ್ಪ!"
ಅದಕ್ಕೆ ಮದ್ದಿಲ್ಲ.
ಊತಕ್ಕೆ ಐಸ್ ಇದೆ.

ಕೆಲವರು ವಾರ ತಡವಾಗಿ ಬರುತ್ತಾರೆ,
ಬಿದಿರ ದಬ್ಬೆ, ಮೊಟ್ಟೆಯ ಬಿಳಿ, ಅರೆದ ಸೊಪ್ಪಿನೊಡನೆ.
ಹಳಿಯುವುದಿಲ್ಲ ನಾನು, ನನ್ನಜ್ಜನೂ ದನದ ಕಾಲು ಕಟ್ಟುತ್ತಿದ್ದ.
ಬೆರಳ ತುದಿ ಮಾತ್ರ ನೋಡುತ್ತೇನೆ.
ಉಗುರು ಒತ್ತಿ ಬಿಟ್ಟರೆ ಕೆಂಪು ಮರಳಬೇಕು.
ಮರಳದಿದ್ದರೆ ಕಟ್ಟು ಬಿಗಿ,
ಯಾರು ಕಟ್ಟಿದ್ದರೂ ಬಿಗಿ,
ನಾನು ಕಟ್ಟಿದ್ದರೂ.

ಫೆಬ್ರವರಿ ಎಂದರೆ ಕರಿಮೆಣಸು.
ಸಿಲ್ವರ್ ಓಕಿಗೆ ಒರಗಿಸಿದ ಒಂಟಿ ಬಿದಿರ ಏಣಿ,
ಸೊಂಟಕ್ಕೆ ಚೀಲ,
ಒಂದು ಕೈ ಬಳ್ಳಿಗೆ, ಒಂದು ಕೈ ದೇವರಿಗೆ.
ಹಿಮ್ಮಡಿ ಬರುತ್ತದೆ, ಸೊಂಟ ಬರುತ್ತದೆ.
ಬೆನ್ನು ಬಂದ ದಿನ ನನ್ನ ಕೋಣೆ ಸಾಲುವುದಿಲ್ಲ,
ಗಾಡಿ ನೇರ ಮೈಸೂರಿಗೆ.

ಚುಬ್ಬಿ ಬಂದದ್ದು ಆ ತಿಂಗಳಲ್ಲಿ.
ಏರಿದವನು ಗಂಡ, ಕೆಳಗೆ ಏಣಿ ಹಿಡಿದವಳು ಇವಳು.
ಏಣಿಯ ತಲೆ ಮರಕ್ಕೆ ಕಟ್ಟಿರಲಿಲ್ಲ.
ಅವನು ಕೊಂಬೆ ಹಿಡಿದು ಉಳಿದ,
ಏಣಿ ಇವಳ ಮೇಲೆ ಬಂತು,
ತಡೆಯಲೆತ್ತಿದ ಎಡ ಮುಂಗೈಯಲ್ಲಿ ಒಂದು ಮೂಳೆ ಎರಡಾಯಿತು.

ಡಾಕ್ಟರು ಎಳೆದು ಕೂಡಿಸಿದರು. ನಾನು ನೀರಲ್ಲದ್ದಿ ಸುತ್ತಿದೆ.
ಗಟ್ಟಿಯಾಗುವಾಗ ಪ್ಲಾಸ್ಟರ್ ಬೆಚ್ಚಗಾಗುತ್ತದಲ್ಲ,
"ಇದಕ್ಕೆ ಜ್ವರ ಬಂತು" ಅಂದಳು.
ನೀರು ತಾಗಿಸಬೇಡ. ತುರಿಸಿದರೆ ಕಡ್ಡಿ ತೂರಿಸಬೇಡ.
ಬೆರಳು ಆಡಿಸುತ್ತಿರು. ಭುಜ ಎತ್ತುತ್ತಿರು,
ಇಲ್ಲದಿದ್ದರೆ ಅದೂ ಮುನಿಸಿಕೊಳ್ಳುತ್ತದೆ.

ಆರು ವಾರ ಕಳೆದು ಗರಗಸ ತೆಗೆದೆ.
ಕೈ ಹಿಂದಕ್ಕೆಳೆದುಕೊಂಡಳು.
ಹೆದರಿಕೆ ಅಂದುಕೊಂಡೆ,
ನನ್ನ ಅಂಗೈಗೆ ಒತ್ತಿ ತೋರಿಸಿದೆ: ಚರ್ಮ ಕೊಯ್ಯದು ಇದು, ಬರೀ ನಡುಗುತ್ತದೆ.
"ಅದಲ್ಲ. ಈ ಕಡೆ ಕೊಯ್ಯಬೇಡಿ."

ಮಣಿಕಟ್ಟಿನಿಂದ ಮೊಣಕೈತನಕ
ಒಲೆಮಸಿಯ ಗೀಟುಗಳು. ನಲವತ್ತೆರಡು.
ಭಾನುವಾರದವು ಗಿಡ್ಡ.
"ಕೂಲಿ ಇಲ್ಲದ ದಿನಗಳು. ರೈಟರಿಗೆ ತೋರಿಸಬೇಕು.
ಕಾಗದ ಕೊಟ್ಟರೆ ಕಳೆದುಹಾಕುತ್ತಾರೆ."

ಮೂವತ್ತು ವರ್ಷದಲ್ಲಿ ಮೊದಲ ಬಾರಿ
ಎದುರು ಬದಿಯಲ್ಲಿ ಗೆರೆ ಹಾಕಿ ಸೀಳಿದೆ.
ಒಳಗಿಂದ ಬಂದದ್ದು ಬೇರೆ ಯಾರದೋ ಕೈ,
ಸಣ್ಣದು, ಬೂದು, ಸಿಪ್ಪೆ ಏಳುತ್ತಿದ್ದದ್ದು.
ರಬ್ಬರ್ ಚೆಂಡು ಕೊಟ್ಟು ದಿನಕ್ಕೆ ನೂರು ಸಲ ಹಿಸುಕು ಅಂದೆ.
ಮೂಳೆ ಕೂಡಿದೆ, ಕೈ ಇನ್ನೂ ಕೂಡಿಲ್ಲ.
ಪ್ಲಾಸ್ಟರನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು
ಬಸ್‌ಸ್ಟ್ಯಾಂಡಿನ ಇಳಿಜಾರಿಗೆ ಹೋದಳು,
ಎರಡು ಎಡಗೈ ಇರುವವಳ ಹಾಗೆ.

ಮರುವರ್ಷ ಅದೇ ಲೈನ್‌ಮನೆಯ ಹುಡುಗ ಬಂದ.
ಮೂಳೆಯಲ್ಲ, ಅಂಗೈಗೆ ಮುಳ್ಳು. ಕೇಳಿದೆ.
"ಅದಾ? ರೈಟರ ಮೇಜಿನ ಮೇಲಿದೆ. ಪೆನ್ನು ಇಟ್ಟುಕೊಳ್ಳುತ್ತಾರೆ.
ಈಗ ಏಣಿ ತಲೆಗೆಲ್ಲ ಹಗ್ಗ ಕಟ್ಟಿಸುತ್ತಾರೆ."
"ಕೂಲಿ?"
ಅವನು ಮುಳ್ಳನ್ನೇ ನೋಡುತ್ತ ಕೂತ.